ಧಾರೆ ಮುಗಿಯುವವರೆಗೆ

ಹೋದ ವಾರ ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕೋಣವೆಂದು ತೆಗೆದೆ. ಮಡಿಕೆ ಬಿಚ್ಚಿದ್ದೇ ತಡ, ಸುರಗಿ ಹೂವಿನ ವಾಸನೆ ಮೂಗಿಗೆ ಬಂತು. ಒಳಗೆ ಒಂದು ಗೇಣುದ್ದದ ಸರ, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಸುರಗಿ ಎಷ್ಟು ಒಣಗಿದರೂ ವಾಸನೆ ಕಳೆದುಕೊಳ್ಳದ ಹೂವು. ಮಲ್ಲಿಗೆಯಾಗಿದ್ದರೆ ಎಂದೋ ಪುಡಿಯಾಗಿ ಮರೆತುಹೋಗುತ್ತಿತ್ತು, ನನಗೂ ಸುಖವಾಗುತ್ತಿತ್ತು. ಸೀರೆಯನ್ನು ಅಲ್ಲೇ ಬಿಟ್ಟು ಮಂಚದ ಮೇಲೆ ಕುಳಿತುಬಿಟ್ಟೆ. ಈ ಸರದ ಇನ್ನೊಂದು ಅರ್ಧವನ್ನು ಒಬ್ಬಳು ಪೋಲೆಂಡಿಗೆ ಒಯ್ದಿದ್ದಳು.

ಎಂಟು ವರ್ಷದ ಹಿಂದಿನ ಮಾತು. ಸಿದ್ದಾಪುರದಿಂದ ಹೇರೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಶಾಲೆಗೆ ಪೋಲೆಂಡಿನಿಂದ ಇಬ್ಬರು ಸ್ವಯಂಸೇವಕಿಯರು ಬಂದಿದ್ದರು. ಗೋಡೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುವುದು ಅವರ ಕೆಲಸ. ನಾನು ಅಲ್ಲಿ ಇಂಗ್ಲಿಷ್ ಟೀಚರು. ಹಾಗಾಗಿ ಅವರ ಊಟ, ನಿದ್ದೆ, ಹೊಟ್ಟೆನೋವು, ಎಲ್ಲಕ್ಕೂ ನಾನೇ ದುಭಾಷಿ. ಇಬ್ಬರಲ್ಲಿ ಒಬ್ಬಳು ಯಾವಾಗಲೂ ಫೋಟೋ ತೆಗೆಯುತ್ತಿದ್ದಳು. ಇನ್ನೊಬ್ಬಳು, ನಾನು ಹೇಳಹೊರಟವಳು, ಮೂವತ್ತೈದರ ಆಸುಪಾಸಿನವಳು. ಮಾತು ಕಡಿಮೆ. ತನ್ನ ಊರಿನಲ್ಲಿ ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳಂತೆ. ಅದಕ್ಕೋ ಏನೋ, ನಮ್ಮ ಪಕ್ಕದ ಮನೆಯ ಅಜ್ಜಿಗೂ ಅವಳಿಗೂ ನಾಲ್ಕೇ ದಿನದಲ್ಲಿ ನಂಟು ಬೆಳೆಯಿತು.

ಅಜ್ಜಿಗೆ ಎಂಬತ್ತು ದಾಟಿತ್ತು. ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದರೂ ನಾಲಿಗೆ ಮಾತ್ರ ಎದ್ದು ಓಡಾಡುತ್ತಿತ್ತು. ಅವಳನ್ನು ಕರೆಯುತ್ತಿದ್ದುದು ‘ಬಿಳೀ ಕೂಸು’ ಎಂದು. ನಮ್ಮ ಕಡೆ ಹುಡುಗಿಯರಿಗೆ ಕೂಸು ಎನ್ನುವುದು ವಾಡಿಕೆ, ಅಜ್ಜಿಯ ಲೆಕ್ಕದಲ್ಲಿ ಅರವತ್ತರವರೆಗೂ ಎಲ್ಲರೂ ಕೂಸುಗಳೇ. ಒಬ್ಬರಿಗೆ ಒಬ್ಬರ ಭಾಷೆ ಬಾರದು. ಅಜ್ಜಿ ಹವ್ಯಕ ಮಾತಿನಲ್ಲಿ ಸೊಸೆಯ ದೂರು ಹೇಳುವುದು, ಇವಳು ತನ್ನ ಭಾಷೆಯಲ್ಲಿ ಏನೋ ಉತ್ತರಿಸುವುದು, ಇಬ್ಬರೂ ತಲೆಯಾಡಿಸುವುದು. ನಾನು ದುಭಾಷಿಯಾಗಿ ಹೋದರೆ ಅಜ್ಜಿಗೆ ಸಿಟ್ಟು. ನಡುವೆ ನೀನು ಯಾಕೆ ಎಂದು ಓಡಿಸುತ್ತಿದ್ದರು.

ಅಜ್ಜಿಯ ಮನೆಯಲ್ಲಿ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿ ಅದೊಂದಕ್ಕಾಗಿ ಜೀವ ಹಿಡಿದುಕೊಂಡಿದ್ದಾರೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು, ಅಜ್ಜಿಯೂ ಸೇರಿ.

“ಮದ್ವೆ ನೋಡ್ಕಂಡೇ ಹೋಗ್ತೆ ಆನು. ಅದಕ್ಕೂ ಮುಂಚೆ ಯಾರು ಕರೆದ್ರೂ ಬತ್ತಿಲ್ಲೆ,” ಎನ್ನುತ್ತಿದ್ದರು.

ಮದುವೆಯ ಹಿಂದಿನ ದಿನ ಅಜ್ಜಿ ಮಲಗಿದಲ್ಲೇ ಸುರಗಿಯನ್ನು ದಾರಕ್ಕೆ ಪೋಣಿಸಿದರು. ಮೊಳದುದ್ದದ ಸರವನ್ನು ತುಂಡು ಮಾಡಿ ಅರ್ಧ ಬಿಳೀ ಕೂಸಿಗೆ, ಅರ್ಧ ನನಗೆ ಕೊಟ್ಟರು. ಮದುಮಗಳಿಗೆ ಬೇರೆಯೇ ಉದ್ದದ ಸರವಿತ್ತು.

ಮದುವೆ ಮನೆಯಂಗಳದ ಚಪ್ಪರದಲ್ಲೇ. ನಾನು ಶಿರಸಿಯಿಂದ ತಂದುಕೊಟ್ಟ ಹಳದಿ ಸೀರೆಗಳನ್ನು ಇಬ್ಬರು ಸ್ವಯಂಸೇವಕಿಯರಿಗೂ ಹದಿನೆಂಟು ಪಿನ್ನು ಚುಚ್ಚಿ ಉಡಿಸಿದ್ದೆ. ಬೆಳಿಗ್ಗೆಯಿಂದ ಅವರಿಗೆ ಬೆಚ್ಚಿಬೀಳುವುದೇ ಕೆಲಸ. ಯಲ್ಲಾಪುರದಿಂದ ದಿಬ್ಬಣ ಬಂತು. ಮದುಮಗಳ ಅಪ್ಪ, ಐವತ್ತೈದರ ಯಜಮಾನ, ಇಪ್ಪತ್ತೆಂಟರ ಅಳಿಯನ ಕಾಲು ತೊಳೆದ. ಇವರಿಬ್ಬರ ತೆರೆದ ಬಾಯಿ ಮುಚ್ಚಲಿಲ್ಲ. ಫೋಟೋದವಳು ಕ್ಯಾಮೆರಾ ಕೆಳಗಿಳಿಸಿ, ಆ ಹುಡುಗನಿಗೆ ನಾಚಿಕೆಯಾಗುವುದಿಲ್ಲವೇ ಎಂದು ನನ್ನನ್ನು ಕೇಳಿದಳು. ಇವತ್ತು ಅವನು ಹುಡುಗನಲ್ಲ, ವಿಷ್ಣು ಎಂದೆ. ಅದನ್ನು ಕೇಳಿ ಇನ್ನಷ್ಟು ಗಾಬರಿಯಾದಳು. ನನಗೆ ಒಳಗೊಳಗೇ ಮಜಾ. ನಮ್ಮ ಪದ್ಧತಿಯೆಲ್ಲ ನನಗೆ ಗೊತ್ತು, ಏನು ಕೇಳಿದರೂ ಉತ್ತರ ನನ್ನಲ್ಲಿದೆ ಎಂಬ ಜಂಬ.

ಮುಹೂರ್ತಕ್ಕೆ ಅರ್ಧ ಗಂಟೆ ಇರಬೇಕು. ಯಾರೋ ಹಿಂದಿನಿಂದ ನನ್ನ ಮೊಣಕೈ ಹಿಡಿದರು. ತಿರುಗಿದರೆ ಬಿಳೀ ಕೂಸು. ಮುಖದಲ್ಲಿ ರಕ್ತವಿಲ್ಲ. ಅವಳು ಯಾವಾಗ ಒಳಗೆ ಹೋದಳೆಂದೇ ನಾನು ನೋಡಿರಲಿಲ್ಲ. ಎಲ್ಲರೂ ಚಪ್ಪರದಲ್ಲಿದ್ದಾರೆ, ಅಜ್ಜಿ ಒಬ್ಬರೇ ಎಂದು ಹೋಗಿ ಕುಳಿತಿದ್ದಳಂತೆ. ಅಜ್ಜಿ ಬಾಯಿ ತೋರಿಸಿದರಂತೆ. ತನ್ನ ಹೆಗಲ ಚೀಲದ ಸ್ಟೀಲ್ ಬಾಟಲಿಯಿಂದ ಮುಚ್ಚಳದಲ್ಲಿ ನೀರು ಬಗ್ಗಿಸಿ ಎರಡು ಸಲ ಕುಡಿಸಿದಳಂತೆ. ಮೂರನೆಯ ಸಲದ್ದು ಕೆನ್ನೆಯ ಮೇಲೆ ಇಳಿಯಿತು...

ಒಳಗೆ ಓಡಿದೆ. ನೋಡಿದ ಕೂಡಲೇ ತಿಳಿಯಿತು. ಹೊರಗೆ ವಾಲಗ, ಅಡುಗೆಯ ಕಡೆಯಿಂದ ಹೋಳಿಗೆಯ ತುಪ್ಪದ ವಾಸನೆ, ಇಲ್ಲಿ ಅಜ್ಜಿ ಗೋಡೆಯ ಕಡೆ ಮುಖ ವಾಲಿಸಿ ಮಲಗಿದ್ದಾರೆ. ಹೊಸ ಸೀರೆ ಉಡಿಸಿದ್ದರು. ಅದರ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಅವಳು ಹೊರಟಿದ್ದು ಮಗನಿಗೆ ಹೇಳಲಿಕ್ಕೆ. ಬಾಗಿಲಲ್ಲಿ ನಾನು ಅಡ್ಡ ನಿಂತೆ. ಅಜ್ಜಿಯ ಮಗನೇ ಮದುಮಗಳ ಅಪ್ಪ, ನಾನು ಅಣ್ಣ ಎಂದು ಕರೆಯುವವನು. ಅವನ ಕಿವಿಗೆ ಈ ಸುದ್ದಿ ಬಿದ್ದರೆ ಸೂತಕ. ತಾಯಿ ಸತ್ತವನು ಹತ್ತು ದಿನ ದೇವರ ದೀಪವನ್ನೂ ಹಚ್ಚುವಂತಿಲ್ಲ, ಇನ್ನು ಮಗಳನ್ನು ಧಾರೆಯೆರೆಯುವುದು ಎಲ್ಲಿಂದ ಬಂತು? ಮದುವೆ ನಿಲ್ಲುತ್ತದೆ. ದಿಬ್ಬಣ ಮರಳುತ್ತದೆ. ಮಾಲೆ ಹಿಡಿದು ನಿಂತ ಹುಡುಗಿಗೆ ಕಾಲ್ಗುಣದ ಮಾತು ಅಂಟುತ್ತದೆ. ಇಷ್ಟೂ ನನ್ನ ತಲೆಯಲ್ಲಿ ಒಂದು ಉಸಿರಿನಲ್ಲಿ ಓಡಿತು. ಯಾರನ್ನೂ ಕೇಳಲಿಲ್ಲ. ಗೊತ್ತಿದ್ದವಳು ನಾನೇ ಅಲ್ಲವೇ.

ಧಾರೆ ಮುಗಿಯುವವರೆಗೆ ಇಲ್ಲೇ ಕುಳಿತಿರು, ಯಾರು ಬಂದರೂ ಅಜ್ಜಿಗೆ ನಿದ್ದೆ ಎಂದು ಸನ್ನೆ ಮಾಡು ಎಂದೆ. ಅವಳು ನನ್ನನ್ನು ನೋಡಿದ ರೀತಿ... ಕಾಲು ತೊಳೆದಾಗಿನ ಗಾಬರಿ ಅದಲ್ಲ. ಇವರು ಇಂಥವರೇ ಎಂದು ಮೊದಲ ಬಾರಿ ಗೊತ್ತಾದವರ ನೋಟ. ಅವನ ತಾಯಿ, ಅವನಿಗೆ ಹಕ್ಕಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮದುವೆ ನಿಂತುಹೋಗುತ್ತದೆ ಎಂದೆ. ಅವಳು ಮಂಚದ ಬದಿಗೆ ಕುಳಿತು ಅಜ್ಜಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

ಅಷ್ಟರಲ್ಲೇ ಆಗಬಾರದ್ದು ಆಯಿತು. ಮಂಟಪಕ್ಕೆ ಹೊರಟ ಮದುಮಗಳು, ಅಜ್ಜಿಯ ಆಶೀರ್ವಾದ ತೆಗೆದುಕೊಂಡೇ ಹೋಗುತ್ತೇನೆ ಎಂದು ಒಳಗೆ ಬಂದಳು. ಹಿಂದೆ ಸೋದರಮಾವ ಬಾಗಿಲಲ್ಲಿ ಅವಸರ ಮಾಡುತ್ತಾ ನಿಂತಿದ್ದ. ನಿದ್ದೆ ಬಂದಿದೆ, ಎಬ್ಬಿಸುವುದು ಬೇಡ ಎಂದೆ. ಅವಳು ಕೇಳದೆ ಬಗ್ಗಿ ಅಜ್ಜಿಯ ಎರಡೂ ಪಾದ ಹಿಡಿದು ಹಣೆ ಇಟ್ಟಳು. ತುಂಬ ಹೊತ್ತು ಏಳಲಿಲ್ಲ. ಆಗ ಆ ಪರದೇಶದವಳು, ಯಾರೂ ಹೇಳಿಕೊಡದೆ, ತಾನು ಹಿಡಿದಿದ್ದ ಅಜ್ಜಿಯ ಕೈಯನ್ನು ಮೆಲ್ಲಗೆ ಎತ್ತಿ ಬಗ್ಗಿದ ಹುಡುಗಿಯ ತಲೆಯ ಮೇಲೆ ಇಟ್ಟಳು.

ಈ ಕಣ್ಣಿನಿಂದ ನಾನು ಏನೇನೋ ನೋಡಿದ್ದೇನೆ, ಅದರಂಥದ್ದು ಇನ್ನೊಂದು ನೋಡಿಲ್ಲ. ಅದು ತಪ್ಪೋ ಸರಿಯೋ ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಹುಡುಗಿ ಎದ್ದು ಯಾರ ಮುಖವನ್ನೂ ನೋಡದೆ ಮಂಟಪಕ್ಕೆ ಹೋದಳು.

ಧಾರೆಯಾಯಿತು. ಅಣ್ಣ ಕಣ್ಣು ತುಂಬಿಕೊಂಡು ನೀರು ಬಿಟ್ಟ. ನಾನು ಎಲ್ಲರ ಜೊತೆ ಅಕ್ಷತೆ ಹಾಕಿದೆ. ಕೈಯಲ್ಲಿದ್ದದ್ದು ಪೂರ್ತಿ ಬೀಳಲಿಲ್ಲ, ಬೆವರಿಗೆ ಅಂಟಿಕೊಂಡಿತ್ತು. ಸಪ್ತಪದಿಯೂ ಮುಗಿದ ಮೇಲೆ ಅಣ್ಣನನ್ನು ಹಿತ್ತಿಲ ಕಡೆ ಕರೆದು ಹೇಳಿದೆ. ಕೈ ತೊಳೆಯಲು ಬಂದಿದ್ದ ಪುರೋಹಿತರು ಅಲ್ಲೇ ಇದ್ದರು.

“ಯಾವಾಗ?” ಎಂದ ಅಣ್ಣ.

ಧಾರೆಗೆ ಮುಂಚೆ ಎಂದೆ.

“ಹೇಳಿದ್ರೆ ಆಯಿ ಮುಖನಾದ್ರೂ ಒಂದ್ಸಲ ನೋಡ್ಕಂಡು ಬತ್ತಿದ್ದೆ, ತಂಗಿ.”

ಸೂತಕ ಬಂದರೆ ಮದುವೆ ನಿಲ್ಲುತ್ತದೆಂದು ಹೇಳಲಿಲ್ಲ ಎಂದೆ. ಪುರೋಹಿತರು ಚೊಂಬನ್ನು ಕಲ್ಲಿನ ಮೇಲೆ ಇಟ್ಟರು.

“ನಾಂದಿ ಆದ ಮೇಲೆ ಸೂತಕ ಇಲ್ಲೆ. ಹಿಡಿದ ಕೆಲ್ಸ ಮುಗಿವಲ್ಲಿವರೆಗೆ ಅದು ಅಡ್ಡ ಬತ್ತಿಲ್ಲೆ. ಯಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು.”

ನಾಂದಿ ಎಂದರೆ ಮದುವೆಗೆ ಮೊದಲು ಹಿರಿಯರನ್ನು ನೆನೆದು ಕರೆಯುವ ಕಾರ್ಯ. ಅದು ಬೆಳಿಗ್ಗೆಯೇ ಮುಗಿದಿತ್ತು, ನಾನೇ ಮುಂದೆ ನಿಂತು ನೋಡಿದ್ದೆ. ಅದರ ಹಿಂದಿನ ನಿಯಮ ಮಾತ್ರ ನನಗೆ ಗೊತ್ತಿರಲಿಲ್ಲ. ಹುಟ್ಟಿದಂದಿನಿಂದ ಮದುವೆ ಉಂಡವಳಿಗೆ ಗೊತ್ತಿರಲಿಲ್ಲ! ನನ್ನ ತಲೆಯ ಮೇಲೆ ಯಾರೋ ಆ ಚೊಂಬಿನಿಂದಲೇ ಹೊಡೆದಂತಾಯಿತು. ಮದುವೆ ನಿಲ್ಲುತ್ತಲೇ ಇರಲಿಲ್ಲ. ಮಗ ಬಂದು ತಾಯಿಯ ಮುಖ ನೋಡಬಹುದಿತ್ತು. ಮೊಮ್ಮಗಳು ಅತ್ತು ಹೋಗಬಹುದಿತ್ತು. ಆ ಹೆಂಗಸನ್ನು ಹೆಣದ ಪಕ್ಕ ಸುಳ್ಳಿನ ಕಾವಲಿಗೆ ಕೂರಿಸಿದ್ದು ಯಾವ ಶಾಸ್ತ್ರವೂ ಅಲ್ಲ, ನಾನು.

ಅಣ್ಣ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಬಂದ, ಮುಖ ತೊಳೆದ. ಬೀಗರು ಊಟ ಮಾಡಿ ಹೊರಡಲಿ, ಆಮೇಲೆ ತಿಳಿಸೋಣ ಎಂದ. ಪಂಕ್ತಿಯಲ್ಲಿ ತಾನೇ ಹೋಳಿಗೆ ಬಡಿಸಿದ. ಕೊನೆಯ ನೀರು ಕೊಟ್ಟದ್ದು ಯಾರೆಂದು ತಿಳಿದ ಮೇಲೆ, ನೀರು ಸಿಕ್ಕಿತಲ್ಲ, ಸಾಕು ಎಂದನಂತೆ. ಆ ಮಾತನ್ನೂ ನನಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದ್ದು.

ಹೆಣ್ಣೊಪ್ಪಿಸುವಾಗ ಮದುಮಗಳು ಅತ್ತ ಅಳುವಿಗೆ ಚಪ್ಪರವೇ ಅತ್ತಿತು. ಬಾಗಿಲ ಬಳಿ ಬಂದು ನಿಂತಿದ್ದ ಬಿಳೀ ಕೂಸೂ ಬಿಕ್ಕಿಬಿಕ್ಕಿ ಅತ್ತಳು. ನೆರೆದ ಹೆಂಗಸರಿಗೆ ಮೆಚ್ಚುಗೆ. ಪರದೇಶದ್ದಾದರೂ ಕರುಳಿದೆ ಎಂದುಕೊಂಡರು.

ಮುಂದಿನ ತಿಂಗಳು ಅವಳು ಊರಿಗೆ ಹೊರಡುವ ಹಿಂದಿನ ಸಂಜೆ, ಶಾಲೆಯ ಜಗುಲಿಯಲ್ಲಿ ಕುಳಿತಿದ್ದೆವು. ಅಲ್ಲಿಯವರೆಗೆ ಆ ದಿನದ ಸುದ್ದಿಯನ್ನು ಇಬ್ಬರೂ ಎತ್ತಿರಲಿಲ್ಲ. ತಾನು ಮಾಡಿದ್ದು ಸರಿಯೇ, ಅದೊಂದು ಹೇಳಿಬಿಡು ಎಂದಳು. ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ಆರೈಕೆ ಕೇಂದ್ರದಲ್ಲಿ ಎಷ್ಟೋ ಜನರ ಕೊನೆಯ ಉಸಿರಿಗೆ ಕುಳಿತಿದ್ದೇನೆ, ಯಾರ ಮನೆಯವರಿಂದಲೂ ಹೀಗೆ ಮುಚ್ಚಿಟ್ಟಿರಲಿಲ್ಲ ಎಂದಳು. ಪುರೋಹಿತರ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಇವಳ ಆ ಎರಡು ಗಂಟೆಗೆ ಅರ್ಥವೇ ಇಲ್ಲ. ನನ್ನ ಮಾನವೂ ಹೋಗುತ್ತದೆ... ಯಾವುದು ಮೊದಲು ಹೊಳೆಯಿತೋ ಈಗ ನೆನಪಿಲ್ಲ, ನೆನಪಿಲ್ಲವೆನ್ನುವುದೇ ಅನುಕೂಲ.

ನೀನು ಒಂದು ಮದುವೆ ಉಳಿಸಿದೆ ಎಂದೆ. ಅವಳು ನನ್ನ ಕೈ ಒತ್ತಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತೆಂದು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಹೇಳಿ ಹೋದಳು.

ಆಮೇಲೆ ಪ್ರತಿ ವರ್ಷ ಆ ದಿನ ಅವಳ ಮೆಸೇಜು. ನಮ್ಮ ಮದುಮಗಳು ಹೇಗಿದ್ದಾಳೆ? ಒಮ್ಮೆ, ಮಗುವಾಗಿದೆ ಎಂದಾಗ, ಅದರಲ್ಲಿ ತನ್ನದೂ ಸ್ವಲ್ಪ ಪಾಲಿದೆ ಅಲ್ಲವೇ ಎಂದು ಬರೆದಿದ್ದಳು. ಹೌದೆಂದು ಬರೆದೆ. ಪ್ರತಿ ವರ್ಷವೂ ಈ ಸಲ ನಿಜ ಹೇಳಬೇಕು ಎಂದುಕೊಳ್ಳುವುದು, ಎರಡು ಸಾಲು ಬರೆಯುವುದು, ಅಳಿಸುವುದು.

ಹೋದ ವರ್ಷ ಮೆಸೇಜು ಬರಲಿಲ್ಲ. ಈ ಬೇಸಿಗೆಯಲ್ಲಿ ಫೋಟೋ ತೆಗೆಯುತ್ತಿದ್ದ ಗೆಳತಿ ಬರೆದಳು. ಕಾಯಿಲೆಯಂತೆ, ಯಾರಿಗೂ ಹೇಳಿರಲಿಲ್ಲವಂತೆ, ಚಳಿಗಾಲದಲ್ಲಿ ಹೋದಳಂತೆ. ಅವಳ ಮಂಚದ ಪಕ್ಕದ ಡಬ್ಬಿಯಲ್ಲಿ ಕಂದು ಬಣ್ಣದ ಒಣ ಹೂವಿನ ಸರವಿತ್ತು, ಇನ್ನೂ ವಾಸನೆ ಇದೆ, ಇದು ಯಾವ ಹೂವು ಎಂದು ಕೇಳಿದ್ದಳು. ಸುರಗಿ ಎಂದಷ್ಟೇ ಉತ್ತರ ಬರೆದೆ.

ರಜಕ್ಕೆ ತವರಿಗೆ ಬಂದಿದ್ದ ಮದುಮಗಳಿಗೆ ಸುದ್ದಿ ಹೇಳಿದೆ. ಅವಳೀಗ ಆರು ವರ್ಷದ ಮಗಳ ತಾಯಿ. ಮಗುವಿನ ತಲೆ ಬಾಚುತ್ತಿದ್ದವಳು ಬಾಚಣಿಗೆ ಕೆಳಗಿಟ್ಟಳು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಿ ಹೋಗಿದ್ದು ಯಾವಾಗ, ಬಾಗಿಲಿಗೆ ಅಡ್ಡ ನಿಂತಿದ್ದು ಯಾರು, ಪುರೋಹಿತರು ಏನೆಂದರು...

“ಅತ್ತೆ, ಅಜ್ಜಿ ಕಾಲು ತಣ್ಣಗಿತ್ತು. ಯಂಗೆ ಅಲ್ಲೇ ಗೊತ್ತಾಗಿತ್ತು,” ಎಂದಳು.

ಬಾಚಣಿಗೆಯನ್ನು ಮತ್ತೆ ಎತ್ತಿಕೊಂಡು ಮುಂದುವರಿಸಿದಳು.

“ಗಂಡನ ಮನೆಗೆ ಹೊರಟಿದ್ದಕ್ಕೆ ಅಳ್ತಾ ಇದ್ದು ಹೇಳಿ ಎಲ್ಲರೂ ತಿಳ್ಕಂಡ. ಆನು ಅತ್ತಿದ್ದು ಅಜ್ಜಿಗೆ. ಆ ಕೈ ತಲೆ ಮೇಲೆ ಬರದೇ ಹೋಗಿದ್ರೆ ಆನು ಮಂಟಪಕ್ಕೆ ಹೋಗ್ತಾನೇ ಇರ್ಲಿಲ್ಲೆ.”

ಹಾಗಾದರೆ ಮದುವೆ ಉಳಿದದ್ದು ನಿಜವೇ. ನಾನು ಸುಳ್ಳೆಂದು ತಿಳಿದೇ ಹೇಳಿದ ಮಾತು ನಿಜವೇ ಆಗಿತ್ತು, ನನ್ನ ಶಾಸ್ತ್ರಜ್ಞಾನದಿಂದಲ್ಲ, ಅವಳು ಎತ್ತಿಟ್ಟ ಆ ಒಂದು ಕೈಯಿಂದ. ಮದುವೆ ಉಳಿದದ್ದಕ್ಕೆ ಎಂಟು ವರ್ಷ ಅವಳಿಗೆ ಹೇಳಬೇಕಾಗಿದ್ದ ಕಾರಣ ಬೇರೆಯೇ ಇತ್ತು, ಅದನ್ನು ನಾನು ಒಬ್ಬರನ್ನೂ ಕೇಳಿರಲಿಲ್ಲ.

ಹೋದ ವಾರ ಮಂಚದಿಂದ ಎದ್ದು ಸೀರೆಯನ್ನು ಮಡಿಸಿ ಸರವನ್ನು ಮತ್ತೆ ಒಳಗಿಟ್ಟೆ. ಆಮೇಲೆ ಫೋನು ತೆಗೆದು ಅವಳ ಹಳೆಯ ನಂಬರಿಗೆ, ಹುಚ್ಚೆಂದು ಗೊತ್ತಿದ್ದೂ, ನಡೆದದ್ದೆಲ್ಲ ಬರೆದೆ. ಅಳಿಸಲಿಲ್ಲ. ಕಳಿಸಿ ಇಂದಿಗೆ ಆರು ದಿನವಾಯಿತು. ಬೆಳಿಗ್ಗೆ ಎದ್ದ ಕೂಡಲೇ ತೆಗೆದು ನೋಡುತ್ತೇನೆ. ಮೆಸೇಜು ತಲುಪಿದರೆ ಎರಡು ಗೀಟು ಬೀಳುತ್ತದೆ. ಇನ್ನೂ ಒಂದೇ ಗೀಟು.