ಗಿಡ್ಡ ಸಾಲಿನ ರಾಯಭಾರಿ

ಬೀದಿಯವರೆಲ್ಲ ಅವನನ್ನು ರಾಯಭಾರಿ ಎಂದೇ ಕರೆಯುತ್ತಿದ್ದರು. ಆ ಬಿರುದು ದಯಪಾಲಿಸಿದವರು ಸ್ವತಃ ಅವನ ಅಪ್ಪ. ಮಗ ಸ್ಪ್ಯಾನಿಷ್ ಓದಿದ್ದಾನೆ, ಈಗ ಹೊರದೇಶದವರ ಜೊತೆ ಮಾತುಕತೆ ನಡೆಸುವ ಕೆಲಸದಲ್ಲಿದ್ದಾನೆ ಎಂದು ಕ್ಷೌರದಂಗಡಿಯಿಂದ ದಿನಸಿ ಅಂಗಡಿಯವರೆಗೆ ಡಂಗುರ ಹೊಡೆದಿದ್ದರು. ಸುಳ್ಳೇನಲ್ಲ ಬಿಡಿ. ಬಟ್ಟೆ ಒಗೆಯುವ ಯಂತ್ರದ ಕಂಪನಿಯೊಂದರ ದೂರು ವಿಭಾಗದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಲ್ಲೆಲ್ಲಿಂದಲೋ ಸ್ಪ್ಯಾನಿಷ್‌ನಲ್ಲಿ ಬಂದು ಬೀಳುವ ಬೈಗುಳಕ್ಕೆ ಸ್ಪ್ಯಾನಿಷ್‌ನಲ್ಲೇ ತಪ್ಪಾಯ್ತು ಎನ್ನುವುದೂ ಮಾತುಕತೆಯೇ ತಾನೆ? ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಆ ಕುರ್ಚಿಯಲ್ಲಿ ಒಂದು ದಿನವೂ ಕೂತವನಲ್ಲ.

ಅವನು ಈ ವಿದ್ಯೆಗೆ ಬಿದ್ದ ಕಥೆಯೂ ಕೇಳುವಂಥದ್ದೇ. ಅಪ್ಪ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಜೀವ ಸವೆಸಿದವರು. ಅವರ ವೇದಾಂತವೆಲ್ಲ ಎರಡೇ ಮಾತು. ಸಾಲು ಎಲ್ಲಿ ಗಿಡ್ಡವೋ ಅಲ್ಲಿ ನಿಲ್ಲಬೇಕು. ಕೌಂಟರಿನ ಒಳಗೆ ಕೂತವನು ಯಾವತ್ತೂ ತಪ್ಪಾಯ್ತು ಎನ್ನಬಾರದು, ಅಂದುಬಿಟ್ಟರೆ ಸಾಲು ಮುಂದೆ ಹೋಗುವುದಿಲ್ಲ. ಈ ಎರಡನೆಯದನ್ನು ಅವರು ಮನೆಯಲ್ಲೂ ಬಿಟ್ಟವರಲ್ಲ.

ಕಾಲೇಜಿಗೆ ಸೇರಿಸಲು ಹೋದ ದಿನ ವಾಣಿಜ್ಯದ ಸಾಲು ಗೇಟು ದಾಟಿತ್ತು, ಕಂಪ್ಯೂಟರಿನದು ಬೀದಿಗೇ ಇಳಿದಿತ್ತು. ಸ್ಪ್ಯಾನಿಷ್ ಕಿಟಕಿಯ ಮುಂದೆ ಒಬ್ಬನೇ ಒಬ್ಬ. ಅವನೂ ಶೌಚಾಲಯ ಎಲ್ಲಿದೆ ಎಂದು ಕೇಳಲು ನಿಂತವನು. ಅಪ್ಪನ ಕಣ್ಣು ಅರಳಿತು. ಮಗನಿಗೆ ಕಟ್ಟಡದ ನಕ್ಷೆ ಬಿಡಿಸುವ ಹುಚ್ಚು; ಅದು ಯಾವ ಕಿಟಕಿಯೋ ಎಂದು ಅವನು ಹುಡುಕುತ್ತಿರುವಾಗಲೇ ಅಪ್ಪ ರಸೀದಿ ಹಿಡಿದು, ಯುದ್ಧ ಗೆದ್ದವರಂತೆ ಬಂದರು.

ಕಾಲೇಜಿನಲ್ಲಿ ಹಳೆಯ ಕಾಲದ ಪ್ರೇಮಗೀತೆಗಳನ್ನು ಬಾಯಿಪಾಠ ಮಾಡಿಸಿದರು. ಕೊನೆಯ ವರ್ಷ ಉದ್ಯೋಗದ ತಯಾರಿ ಎಂದು ಒಂದು ಮಧ್ಯಾಹ್ನ ಕೊಟ್ಟು ಟೈ ಕಟ್ಟುವುದನ್ನು ಕಲಿಸಿದರು. ಫೋನಿನಲ್ಲಿ ಬೈಯುವವರಿಗೆ ಕೊರಳು ಕಾಣುತ್ತದೆಯೇ? ಆದರೂ ಹುಡುಗ ಗಟ್ಟಿಗ. ಬೈಸಿಕೊಳ್ಳುವುದರಲ್ಲಿ ಎಷ್ಟು ಪಳಗಿದನೆಂದರೆ ಹೊಸಬರಿಗೆ ತರಬೇತಿ ಕೊಡಲು ಅವನನ್ನೇ ನೇಮಿಸಿದರು. ಧ್ವನಿ ಇಳಿಸಿ, ನೆಪ ಹೇಳಬೇಡಿ, ತಪ್ಪಾಯ್ತು ಅಂದಮೇಲೆ ಬಾಯಿ ಮುಚ್ಚಿ. ಇಷ್ಟೇ ಅವನ ಪಾಠ.

ಹೀಗಿರುವಾಗ ಅದೇ ಕಾಲೇಜಿನಿಂದ ಕರೆ ಬಂತು. ಸ್ಪ್ಯಾನಿಷ್‌ಗೆ ಹೊಸದಾಗಿ ಸೇರಿದ ಮಕ್ಕಳಿಗೆ ಮುಂದಿನ ದಾರಿ ಹೇಳಬೇಕಂತೆ. ಸೀಟು ತುಂಬುವುದೇ ಕಷ್ಟವಾಗಿದೆ, ಸ್ವಲ್ಪ ಉತ್ಸಾಹ ಬರುವ ಹಾಗೆ ಮಾತಾಡಪ್ಪ ಎಂದು ಮೇಷ್ಟ್ರು ಮೊದಲೇ ಕಿವಿಯೂದಿದರು. ಅಪ್ಪನೋ, ಒಗೆದ ಶರಟು ತೊಟ್ಟು, ಸಾಕ್ಷಿಗೆಂದು ಕ್ಷೌರದಂಗಡಿಯವರನ್ನೂ ಎಳೆದುಕೊಂಡು ಬಂದು ಮುಂದಿನ ಬೆಂಚಿನಲ್ಲೇ ಕೂತುಬಿಟ್ಟರು. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಅಪ್ಪ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಸುಳ್ಳು ಹೇಳಿದರೆ ಎದುರಿಗಿರುವ ಮಕ್ಕಳೆಲ್ಲ ತನ್ನ ಹಾದಿಯನ್ನೇ ಹಿಡಿಯುತ್ತಾರೆ. ಅನುವಾದ, ಪ್ರವಾಸೋದ್ಯಮ, ಅವಕಾಶಗಳ ಮಹಾಸಾಗರ ಎಂದೆಲ್ಲ ಒಂದಷ್ಟು ತೇಲಿಸಿ ಅವನು ಇನ್ನೇನು ದಡ ಸೇರಬೇಕು, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ನಿಮ್ಮ ಕೆಲಸ ಏನು ಅಂತ ಹೇಳಲೇ ಇಲ್ಲವಲ್ಲ ಸರ್ ಎಂದಳು.

ರಾಯಭಾರಿ ಅಪ್ಪನ ಕಡೆ ನೋಡಿದ. ಅಪ್ಪ ಕ್ಷೌರದಂಗಡಿಯವರ ಪಕ್ಕೆ ತಿವಿದು, ಈಗ ಕೇಳು ಎಂದು ಸನ್ನೆ ಮಾಡುತ್ತಿದ್ದರು.

“ಬೈಸ್ಕೊಳ್ಳೋದಮ್ಮ,” ಎಂದ ಅವನು. “ದಿನವಿಡೀ ಬೈಸ್ಕೊಂಡು ತಪ್ಪಾಯ್ತು ಅನ್ನೋದು. ಭಾಷೆ ಚೆನ್ನಾಗಿ ಕಲೀರಿ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರಬೇಡಿ. ಅದು ಬರೀ ಬಂಡಿ. ಆಸ್ಪತ್ರೆ ಕೆಲಸವೋ, ಕಾನೂನೋ, ವ್ಯಾಪಾರವೋ, ಏನಾದ್ರೂ ಅದರ ಮೇಲೆ ಹೇರ್ಕೊಳ್ಳಿ. ನಾನು ಖಾಲಿ ಬಂಡಿ ಹೊಡ್ಕೊಂಡು ಬಂದೆ.”

“ಮತ್ತೆ ನೀವ್ಯಾಕೆ ತಗೊಂಡ್ರಿ ಸರ್?”

“ಸಾಲು ಗಿಡ್ಡ ಇತ್ತು.”

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕ್ಷೌರದಂಗಡಿಯವರು. ಅಪ್ಪ ಮಾತ್ರ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ-ಮಗನಿಗೆ ಒಂದೇ ಸೀಟು ಸಿಕ್ಕಿತು. ಕ್ಷೌರದಂಗಡಿಯವರು ಬೀದಿಗೆ ಸುದ್ದಿ ಮುಟ್ಟಿಸುವ ಅವಸರದಲ್ಲಿ ಮುಂದಿನ ಬಾಗಿಲ ಬಳಿಯೇ ನಿಂತಿದ್ದರು. ಅಪ್ಪ ಕಿಟಕಿಯಾಚೆ ನೋಡುತ್ತಲೇ, ಅವತ್ತು ನಿನಗೆ ಏನು ಓದಬೇಕು ಅಂತಿತ್ತು ಎಂದು ಕೇಳಿದರು. ಅವನು ಕಟ್ಟಡದ ನಕ್ಷೆ ಎಂದ. ಅದರ ಸಾಲು ಎಲ್ಲಿತ್ತು ಎಂದರು. ಗೊತ್ತಿಲ್ಲ, ಹುಡುಕ್ತಾ ಇದ್ದೆ ಎಂದ.

ಅಪ್ಪ ಕೈಯಲ್ಲಿದ್ದ ಬಸ್ ಟಿಕೆಟ್ಟನ್ನು ಮಡಚುತ್ತ ಕೇಳಿದರು.

“ಆ ಭಾಷೇಲಿ ತಪ್ಪಾಯ್ತು ಅನ್ನೋಕೆ ಏನಂತಾರೋ?”

“ಲೋ ಸಿಯೆಂತೊ.”

ಅಪ್ಪ ಮುಂದಿನ ಸೀಟಿನ ಬೆನ್ನಿಗೆ ಹೇಳುವವರಂತೆ ಅದನ್ನೇ ನಿಧಾನವಾಗಿ ಹೇಳಿದರು. ಧ್ವನಿ ಇಳಿಸಿದ್ದರು. ನೆಪ ಹೇಳಲಿಲ್ಲ. ಹೇಳಿಯಾದಮೇಲೆ ಬಾಯಿ ಮುಚ್ಚಿ ಕೂತರು. ಇಷ್ಟು ವರ್ಷ ಹೊಸಬರಿಗೆ ಬಡಿದುಕೊಂಡು ಹೇಳಿದರೂ ಇಷ್ಟು ಚೆನ್ನಾಗಿ ಹೇಳಿದವರನ್ನು ಅವನು ಕಂಡಿರಲಿಲ್ಲ. ಅವನಿಗೆ ಅಳು ಬಂತು.

ತಪ್ಪಾಯ್ತು ಎಂದವರಿಗೆ ಏನಾದರೂ ಹೇಳಬೇಕಲ್ಲ ಎಂದು ತಡಕಾಡಿದ. ಅವನ ಗಿರಾಕಿಗಳೆಲ್ಲ ಅಷ್ಟು ಹೊತ್ತಿಗೆ ಫೋನ್ ಇಟ್ಟುಬಿಡುತ್ತಿದ್ದರು.