ಯಶೋದಮ್ಮ ಬರೆದ ಮೂರು ಲೀಟರ್

ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಶಂಭುಲಿಂಗಪ್ಪನವರ ಈರುಳ್ಳಿ ಮಂಡಿ. ಅದರ ಹಿಂಗೋಡೆ ಗಂಡಸರದು. ಡ್ರೈವರು, ಹಮಾಲಿ, ದಲ್ಲಾಳಿ, ಯಾರಿಗೆ ಅವಸರವಾದರೂ ಹೋಗಿ ಅಲ್ಲಿ ನಿಲ್ಲುತ್ತಿದ್ದರು. ಈರುಳ್ಳಿ ಆರಿಸುವ ನಲವತ್ತು ಹೆಂಗಸರಿಗೆ ಅಂಥದೊಂದು ಗೋಡೆ ಇರಲಿಲ್ಲ. ಬೆಳಕು ಹರಿಯುವ ಮೊದಲು ಬೇಲಿ ಮರೆಗೆ ಹೋಗಿ ಬಂದರೆ ಮತ್ತೆ ಹೋಗುವುದು ಹೊತ್ತು ಮುಳುಗಿದ ಮೇಲೆ. ನಡುವಿನ ಹನ್ನೆರಡು ಗಂಟೆಗೆ ಅವರು ಕಂಡುಕೊಂಡಿದ್ದ ಉಪಾಯ ಒಂದೇ, ನೀರು ಕುಡಿಯದಿರುವುದು.

ಯಶೋದಮ್ಮ ಉಮ್ಮತ್ತೂರಿನವಳು. ಏಳನೆಯ ತರಗತಿ ಪಾಸಾದ ಮೇಲೆ ಬಿಡಿಸಿ, ಹದಿನಾರಕ್ಕೆ ಮದುವೆ ಮಾಡಿ ಇಲ್ಲಿಗೆ ಕಳಿಸಿದ್ದರು. ಗಂಡ ಕನಕರಾಜು ಅದೇ ಮಂಡಿಯಲ್ಲಿ ಹಮಾಲಿ. ಅವಳು ನಾಲ್ಕಕ್ಕೆ ಎದ್ದು ಬೀದಿ ನಲ್ಲಿಯಿಂದ ಎಂಟು ಬಿಂದಿಗೆ ಹೊರುತ್ತಿದ್ದಳು. ಅವನ ಸ್ನಾನಕ್ಕೆ ಮೂರು, ಪಾತ್ರೆಗೆ, ಬಟ್ಟೆಗೆ, ಅಡಿಗೆಗೆ ಉಳಿದವು. ಎಂಟು ಬಿಂದಿಗೆಯಲ್ಲಿ ಅವಳ ಗಂಟಲಿಗೆ ಇಳಿಯುತ್ತಿದ್ದುದು ಅರ್ಧ ಲೋಟ ಕಾಪಿಯಷ್ಟು. ಆರು ಗಂಟೆಗೆ ಮಂಡಿಯಲ್ಲಿರಬೇಕು. ಉರಿಮೂತ್ರ, ಚಳಿಜ್ವರ, ಸೊಂಟನೋವು ಆ ಹೆಂಗಸರಿಗೆಲ್ಲ ಮಾಮೂಲು. ಗಂಡಂದಿರಿಗೆ ಅದು ಗೊತ್ತಾಗುತ್ತಿದ್ದುದು ಮುದ್ದೆ ಹೊತ್ತಿಗೆ ಸರಿಯಾಗಿ ಆಗದಿದ್ದಾಗ ಮಾತ್ರ.

ಎರಡು ಸಾವಿರದ ಮೂರರಲ್ಲಿ ದೊಡ್ಡ ಊರಿನ ಮೂತ್ರರೋಗದ ಡಾಕ್ಟರೊಬ್ಬರು ಸಂಶೋಧನೆಗೆಂದು ಮಂಡಿಗೆ ಬಂದರು. ದಿನಕ್ಕೆ ಮೂರು ಲೀಟರ್ ನೀರು ಕುಡಿದರೆ ದುಡಿಯುವ ಹೆಂಗಸರ ಸೋಂಕು, ಕಲ್ಲು ಕಡಿಮೆಯಾಗುತ್ತವೆಯೇ ಎಂದು ಆರು ತಿಂಗಳು ನೋಡುವುದು ಅವರ ಯೋಜನೆ. ಒಬ್ಬೊಬ್ಬರಿಗೂ ಗೆರೆ ಹಾಕಿದ ಮೂರು ಲೀಟರಿನ ಬಾಟಲಿ ಕೊಟ್ಟರು. ಅಕ್ಷರ ಬರುವವಳೆಂದು ಯಶೋದಮ್ಮನಿಗೆ ನೀಲಿ ಫೈಲು, ಪೆನ್ನು ಕೊಟ್ಟು, ಪ್ರತಿದಿನ ಸಂಜೆ ಎಲ್ಲರ ಬಾಟಲಿ ನೋಡಿ ಎಷ್ಟು ಖಾಲಿಯಾಗಿದೆಯೆಂದು ಬರೆಯುವ ಕೆಲಸ ವಹಿಸಿದರು. ಕುಡಿಯದವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಪಟ್ಟಿಯಲ್ಲಿ ಇಲ್ಲದವರಿಗೆ ಸ್ಕ್ಯಾನಿಂಗೂ ಇಲ್ಲ, ಮಾತ್ರೆಯೂ ಇಲ್ಲ ಎಂದರು. ಕುಡಿದ ನೀರು ಹೊರಗೆ ಹೋಗಲು ಜಾಗ ಎಲ್ಲಿ ಎಂದು ಕೇಳಲಿಲ್ಲ.

ಅದನ್ನು ಕೇಳಿದವಳು ದೊಡ್ಡಮಾದಮ್ಮ, ಆರಿಸುವವರಲ್ಲೆಲ್ಲ ಹಿರಿಯಳು. ಅದೂ ಡಾಕ್ಟರ ಕಾರು ಹೊರಟ ಮೇಲೆ.

"ಕುಡುದ್ಬುಟ್ಟು ಎಲ್ಗಮ್ಮಿ ಓಗನ? ಆವಪ್ಪ ಬಂದು ಸೀರೆ ಅಡ್ಡ ಇಡ್ಕಂಡಾನಾ?"

ನಲವತ್ತು ಬಾಟಲಿಗಳು ಬೆಳಿಗ್ಗೆ ತುಂಬಿ ಬರುತ್ತಿದ್ದವು, ಸಂಜೆ ಖಾಲಿಯಾಗಿರುತ್ತಿದ್ದವು. ನೀರು ಕುಡಿದವರು ಹಮಾಲಿಗಳು. ಮೂಟೆ ಹೊತ್ತು ಬೆವರಿದವರಿಗೆ ಕೈಗೆಟುಕುವಲ್ಲೇ ನೀರು. ಹೆಂಗಸರು ತಾವಾಗಿ ಮುಂದೆ ನೂಕುತ್ತಿದ್ದರು. ಕನಕರಾಜು ಮೂಟೆ ಇಳಿಸಿದವನೇ ಹೆಂಡತಿಯ ಕಡೆ ನೋಡದೆ ಕೈ ಚಾಚುತ್ತಿದ್ದ, ಬಾಟಲಿ ಅವನ ಅಂಗೈಗೆ ಬರುತ್ತಿತ್ತು. ಅವಳು ತುಂಬಿ, ಅವಳು ಹೊತ್ತು ತಂದ ನೀರನ್ನು ಕುಡಿದು ಅವನು ಗೋಡೆಗೆ ಹೋಗಿ ನಿಲ್ಲುತ್ತಿದ್ದ. ಸಂಜೆ ಅವಳು ನಲವತ್ತು ಹೆಸರಿನ ಮುಂದೆ ಮೂರು ಲೀಟರ್ ಎಂದು ದುಂಡಗೆ ಬರೆಯುತ್ತಿದ್ದಳು. ಡಾಕ್ಟರು ಕೇಳಿದ್ದು ಖಾಲಿ ಬಾಟಲಿ, ಅವಳು ಬರೆದದ್ದೂ ಖಾಲಿ ಬಾಟಲಿ. ಯಾರ ಮಾತ್ರೆಯೂ ನಿಲ್ಲಲಿಲ್ಲ.

ನಡುವೆ ಎರಡು ಸಲ ಇಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಕೊಡಿ ಎಂದರು. ಹೆಚ್ಚಿನವರದು ಮುಕ್ಕಾಲು ಲೀಟರೂ ಬರಲಿಲ್ಲ. ಅಲ್ಲಿಗಾದರೂ ಡಾಕ್ಟರು ನಿಂತು ಯೋಚಿಸಬಹುದಿತ್ತು. ಈ ಹೆಂಗಸರಿಗೆ ಸರಿಯಾಗಿ ಹಿಡಿಯಲು ಬರುವುದಿಲ್ಲ ಎಂದು ಆ ಲೆಕ್ಕವನ್ನೇ ಕೈಬಿಟ್ಟರು.

ಎರಡು ವರ್ಷದ ಮೇಲೆ ಪ್ರಬಂಧ ಅಚ್ಚಾಯಿತು. ಡಾಕ್ಟರು ಮಂಡಿಗೇ ಬಂದು ಶಂಭುಲಿಂಗಪ್ಪನವರಿಗೆ ಹಾರ ಹಾಕಿ ಒಂದು ಪ್ರತಿ ಕೊಟ್ಟರು. ಕೊನೆಯ ಪುಟದಲ್ಲಿ ಜಾಗ ಕೊಟ್ಟ ಮಾಲೀಕರಿಗೂ ಸಹಿಸಿಕೊಂಡ ಡಾಕ್ಟರ ಮನೆಯವರಿಗೂ ವಂದನೆಯಿತ್ತು. ದಿನದ ಲೆಕ್ಕ ಬರೆದ ಯಶೋದಮ್ಮ ಅದರಲ್ಲಿ ಹೆಸರಿಲ್ಲದ ಒಬ್ಬ ಸ್ಥಳೀಯ ಸಹಾಯಕಿ ಅಷ್ಟೆ. ತೀರ್ಮಾನವನ್ನು ಡಾಕ್ಟರು ಕನ್ನಡದಲ್ಲಿ ಹೇಳಿದರು. ಮೂರು ಲೀಟರ್ ಕುಡಿದರೂ ಈ ಹೆಂಗಸರ ಸೋಂಕು ಇಳಿಯಲಿಲ್ಲ, ಆದ್ದರಿಂದ ಕಾರಣ ನೀರಲ್ಲ, ಅವರು ಮೈ ಶುಚಿಯಾಗಿ ಇಟ್ಟುಕೊಳ್ಳದಿರುವುದು. ಆಮೇಲೆ ಒಬ್ಬ ನರ್ಸು ತಲೆಗೊಂದು ಸೋಪು ಹಂಚಿದಳು. ಊರಿಗೆಲ್ಲ ಬಟ್ಟೆ ಒಗೆದು, ಪಾತ್ರೆ ಬೆಳಗಿ, ನೆಲ ಸಾರಿಸುವವರ ಕೈಗೆ ಸೋಪು ಕೊಟ್ಟು ತೊಳೆದುಕೊಳ್ಳುವುದನ್ನು ಕಲಿಸಿದಳು.

ಅದೇ ವರ್ಷ ಹೆಂಗಸರು ಒಂದು ಕಕ್ಕಸು ಕಟ್ಟಿಸಿ ಎಂದು ಮಾಲೀಕರನ್ನು ಕೇಳಿಕೊಂಡರು. ಶಂಭುಲಿಂಗಪ್ಪ ಗಾಜಿನ ಬೀರು ತೆಗೆದು ಪ್ರಬಂಧ ತೋರಿಸಿದರು.

"ಕೊಳಕಿಂದ್ಲೇ ರೋಗ ಬತ್ತದೆ ಅಂತ ಡಾಕ್ಟ್ರೇ ಬರ್ದವ್ರೆ. ಕಕ್ಕಸು ಕಟ್ಟುದ್ರೆ ಅದ್ನೂ ಕೊಳಕು ಮಾಡ್ತೀರಿ. ಓಗಿ, ಕೆಲ್ಸ ನೋಡಿ."

ಅವರ ಕಚೇರಿಯ ಹಿಂದೆ ಅವರದೇ ಒಂದು ಕಕ್ಕಸಿತ್ತು. ಅದಕ್ಕೆ ಬೀಗ. ಅದನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುತ್ತಿದ್ದವಳು ದೊಡ್ಡಮಾದಮ್ಮ. ತೊಳೆದು ಮುಗಿಸಿ ಬೀಗದ ಕೈ ವಾಪಸು ಕೊಡಬೇಕು.

ಎರಡು ಸಾವಿರದ ಏಳರಲ್ಲಿ ದೊಡ್ಡಮಾದಮ್ಮನ ಜ್ವರ ಇಳಿಯಲಿಲ್ಲ. ಕೀವಾಗಿದ್ದ ಒಂದು ಮೂತ್ರಪಿಂಡವನ್ನು ಮೈಸೂರಿನಲ್ಲಿ ತೆಗೆದರು. ಅವಳು ಉಡಿಗಾಲದ ತಮ್ಮನ ಮನೆ ಸೇರಿದಳು. ಯಶೋದಮ್ಮ ನೋಡಲು ಹೋದಾಗ ಅವಳು ಪಕ್ಕೆಯ ಹೊಲಿಗೆ ತೋರಿಸಿ, ನಿನ್ನ ಫೈಲಲ್ಲಿ ನಾನು ದಿನಾ ಮೂರು ಲೀಟರ್ ಕುಡಿದೆನಲ್ಲ, ಅದೆಲ್ಲ ಎಲ್ಲಿ ಹೋಯಿತು ಎಂದು ನಕ್ಕಳು. ಯಶೋದಮ್ಮನಿಗೆ ನಗು ಬರಲಿಲ್ಲ.

ಅಲ್ಲಿಂದ ಅವಳು ಚಾಮರಾಜನಗರದ ಮಗಳ ಮನೆಗೆ ಹೋದಳು. ಮಗಳು ಭವ್ಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತ ಎಂ.ಫಿಲ್. ಮಾಡುತ್ತಿದ್ದಳು. ಅಳಿಯ ಗಿರೀಶ್ ಪಾಲಿಟೆಕ್ನಿಕ್ ಮೇಷ್ಟರು, ಪಿಎಚ್.ಡಿ. ವಿದ್ಯಾರ್ಥಿ. ಎರಡೂ ಸಂಶೋಧನೆ ಒಂದೇ ಮನೆಯಲ್ಲಿ. ಅವನದಕ್ಕೆ ರೂಮು, ಮೇಜು, ಕಂಪ್ಯೂಟರು, ಗಂಟೆಗೊಂದು ಕಾಪಿ. ಅವಳದು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಮೇಲೆ, ಕುಕ್ಕರ್ ಕೂಗುವುದರ ನಡುವೆ. ಕಂಪ್ಯೂಟರು ಅವಳಿಗೆ ಸಿಗುತ್ತಿದ್ದುದು ಅವನು ಊಟಕ್ಕೆ ಕೂತಾಗ. ಆಗಲೂ ಅನ್ನ ಬಡಿಸಲು ಏಳಬೇಕು.

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯನ್ನು ಕರೆದು ಗಿರೀಶ್ ತನ್ನ ಕೆಲಸ ತೋರಿಸಿದ. ಕರಗಿದ ಲೋಹ ಗಾಲಿಯ ಅಚ್ಚಿನೊಳಗೆ ಇಳಿದು ಆರುವುದನ್ನು ಕಂಪ್ಯೂಟರಿನಲ್ಲೇ ಮಾಡಿ ನೋಡುವುದು. ಎಲ್ಲಿ ಪೊಳ್ಳು ಉಳಿಯುತ್ತದೆಂದು ಎರಕ ಹೊಯ್ಯುವ ಮೊದಲೇ ಕಾಣುತ್ತದೆ. ಅವನು ಖುಷಿಯಲ್ಲಿ ಹೇಳಿದ.

"ಆದ್ರೆ ಅತ್ತೆ, ನಾವು ತುಂಬೋ ಅಂಕಿ ಸುಳ್ಳಾದ್ರೆ ಇದ್ಕೆ ಗೊತ್ತಾಗಲ್ಲ. ಚಿತ್ರ ಚೆನ್ನಾಗೇ ಬತ್ತದೆ. ಹೊಯ್ದ ಗಾಲಿ ಒಡ್ದೋದಾಗ್ಲೇ ಗೊತ್ತಾಗೋದು."

ಯಶೋದಮ್ಮ ಬೆಳ್ಳುಳ್ಳಿ ಕೆಳಗಿಟ್ಟಳು. ಮಗಳ ಓದು ಯಾವುದರ ಮೇಲೆ ಎಂದು ಅದುವರೆಗೆ ಕೇಳಿರಲಿಲ್ಲ, ಈಗ ಕೇಳಿದಳು. ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ತಮ್ಮ ಬರಹದಲ್ಲಿ ಆಧಾರವಾಗಿ ಹೆಸರಿಸಿದ್ದಾರೆ ಎಂದು ಎಣಿಸುವುದು ಎಂದಳು ಭವ್ಯ. ಹಾಗಾದರೆ ನಮ್ಮ ಮಂಡಿಯದನ್ನು ಎಣಿಸು ಎಂದಳು ತಾಯಿ. ಗಿರೀಶ್ ಊಟಕ್ಕೆ ಹೋದ. ಆ ದಿನ ಅವನೇ ಬಡಿಸಿಕೊಂಡ.

ಇಪ್ಪತ್ತಮೂರು ಪ್ರಬಂಧಗಳು. ಕೆಲವು ಹೊರದೇಶದವು. ಎಲ್ಲದರಲ್ಲೂ ಅದೇ ಸಾಲು, ನೀರು ಹೆಚ್ಚಿಸಿ ಪ್ರಯೋಜನವಿಲ್ಲ ಎಂದು.

"ಇಷ್ಟು ಜನ ನಂಬವ್ರೆ ಅವ್ವ. ಒಬ್ರೂ ಬಂದು ನಿಮ್ಮುನ್ನ ಕೇಳಿಲ್ಲ."

"ಅದು ಸುಳ್ಳು ಕಣಮ್ಮಿ. ನಾನೇ ಬರ್ದಿದ್ದು."

ಭವ್ಯ ಎಲ್ಲವನ್ನೂ ವಿವರಿಸಿ ಡಾಕ್ಟರಿಗೆ ಪತ್ರ ಹಾಕಿದಳು. ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಉತ್ತರ ಬಂತು. ದಾಖಲೆ ನಿಮ್ಮ ತಾಯಿಯವರ ಕೈಬರಹದಲ್ಲಿದೆ, ಅದು ಸುಳ್ಳಾದರೆ ತಪ್ಪು ಅವರದು, ಅಚ್ಚಾದದ್ದನ್ನು ಬದಲಿಸಲಾಗದು. ಯಶೋದಮ್ಮ ಅದನ್ನು ಮಗಳಿಂದ ಓದಿಸಿ ಕೇಳಿದಳು. ಸುಳ್ಳು ತನ್ನದೇ, ಹೌದು. ಆ ಸುಳ್ಳು ಬರೆಯದೆ ಬೇರೆ ದಾರಿಯಿರದ ಹಾಗೆ ಮಾಡಿದವರ ಹೆಸರು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಮುಂದಿನ ಸೋಮವಾರ ಕೇರಳಕ್ಕೆ ಆರು ಲಾರಿ ತುಂಬಬೇಕಿತ್ತು. ಯಶೋದಮ್ಮ ಎಲ್ಲರಿಗೂ ಹೇಳಿದ್ದಳು, ಹಳೆಯ ಬಾಟಲಿ ಹಿಡಿದು ಬಂದವರು ಹನ್ನೊಂದು ಮಂದಿ. ಆರು ಗಂಟೆಯಿಂದ ಈರುಳ್ಳಿ ಆರಿಸುತ್ತಲೇ ಗುಟುಕು ಗುಟುಕಾಗಿ ಕುಡಿದರು. ಕನಕರಾಜು ಎಂದಿನಂತೆ ನೋಡದೆ ಕೈ ಚಾಚಿದ. ಕೈ ಖಾಲಿಯೇ ಉಳಿಯಿತು. ಆಗ ತಿರುಗಿ ನೋಡಿದ.

"ತತ್ತಾ ಅಮ್ಮಿ, ಬಾಯಾರ್ತಾ ಅದೆ."

"ನಲ್ಲಿ ಅದೆ, ಓಗಿ ಇಡ್ಕಂಡು ಕುಡಿ. ಇದು ನಂದು."

ಹತ್ತೂವರೆಗೆ ಹನ್ನೊಂದು ಜನರೂ ಎದ್ದು ಹೋಗಿ ಮಾಲೀಕರ ಕಚೇರಿಯ ಜಗಲಿಯಲ್ಲಿ ಕೂತರು. ಆರಿಸಿದ ರಾಶಿ ಬೆಳೆಯಲಿಲ್ಲ. ಉಳಿದವರ ಕೈಯೂ ಒಂದೊಂದಾಗಿ ನಿಂತಿತು. ಶಂಭುಲಿಂಗಪ್ಪ ಹೊರಗೆ ಬಂದು ಇದೇನು ನಾಟಕ ಎಂದು ಕೇಳಿದರು. ಇಪ್ಪತ್ತು ವರ್ಷ ಅವರನ್ನು ತಗ್ಗಿ ಬುದ್ಧಿ ಎಂದು ಕರೆದಿದ್ದ ಯಶೋದಮ್ಮ ಆ ದಿನ ಹಾಗೆ ಕರೆಯಲಿಲ್ಲ.

"ಡಾಕ್ಟ್ರು ಏಳುದ್ರಲ್ಲ ಸಾವ್ಕಾರ್ರೆ, ಮೂರು ಲೀಟ್ರು. ಅವತ್ತು ಅದ್ನ ಕುಡ್ದೋರು ಗಂಡುಸ್ರು. ನಾನು ಸುಳ್ಳು ಬರ್ದೆ. ಇವತ್ತು ನಾವೇ ಕುಡ್ದೀವಿ, ದಿಟ ಬರೀತೀನಿ. ಬೀಗದ ಕೈ ಕೊಡಿ. ಕೊಡ್ದಿದ್ರೆ ಇಲ್ಲೇ, ನಿಮ್ಮ ಬಾಗ್ಲಲ್ಲೇ."

ಹಮಾಲಿಗಳು ತಲೆ ತಗ್ಗಿಸಿದರು. ಮಲಯಾಳಿ ಡ್ರೈವರೊಬ್ಬ ಲೋಡ್ ಯಾವಾಗ ಎಂದು ಹಾರನ್ ಒತ್ತಿದ. ಶಂಭುಲಿಂಗಪ್ಪ ಇಪ್ಪತ್ತು ನಿಮಿಷ ಬೈದರು. ಹನ್ನೊಂದು ಹೆಂಗಸರು ಕಾಲು ಒತ್ತಿಕೊಂಡು ಕೂತೇ ಇದ್ದರು. ಈ ವಿದ್ಯೆಯಲ್ಲಿ ಅವರನ್ನು ಸೋಲಿಸುವವರು ಆ ಮಂಡಿಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಬೀಗದ ಕೈ ಜಗಲಿಯ ಮೇಲೆ ಬಂದು ಬಿತ್ತು.

ಒಬ್ಬೊಬ್ಬರಾಗಿ ಹೋಗಿ ಬಂದರು. ಲಾರಿಗಳು ಕಾದವು. ಎಲ್ಲರಿಗಿಂತ ಕೊನೆಗೆ ಹೋದ ಯಶೋದಮ್ಮ ಬಂದು, ಬರೆದ ಹಾಳೆಗಳನ್ನು ಡಾಕ್ಟರು ಒಯ್ದ ಮೇಲೆ ತನ್ನಲ್ಲೇ ಉಳಿದಿದ್ದ ನೀಲಿ ಫೈಲು ಬಿಡಿಸಿ, ಹನ್ನೊಂದು ಹೆಸರು, ಹೊತ್ತು, ಕುಡಿದದ್ದು, ಹೋದದ್ದು ಬರೆದಳು. ಮೊದಲ ಹೆಸರು ತನ್ನದು, ಪೂರ್ತಿಯಾಗಿ. ಶಂಭುಲಿಂಗಪ್ಪ ಕೈ ಚಾಚಿ ಬೀಗದ ಕೈ ಕೇಳಿದರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಈರುಳ್ಳಿ ರಾಶಿಯ ಮುಂದೆ ಹೋಗಿ ಕೂತಳು.