ರುಚಿ ನೋಡದೆ ಹಾಕಿದ ಉಪ್ಪು

ಹೋದ ವಾರ ಮೊಬೈಲಿನಲ್ಲಿ ನೋಡಿ ಒಂದು ಹೊಸ ಮಸಾಲೆ ಮಾಡಲು ಹೊರಟಿದ್ದೆ. ಅದರಲ್ಲಿ ಹೇಳಿಕೊಡುವ ಹುಡುಗಿಗೆ ಅವಸರವೋ ಅವಸರ. ಪಲಾವ್ ಎಲೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಎಂದವಳೇ ಮುಂದಕ್ಕೆ ಓಡಿದಳು. ಅವಳನ್ನು ಹಿಂದಕ್ಕೆ ಎಳೆಯಲು ನಾನು ಬೆರಳಾಡಿಸುತ್ತಿರುವಷ್ಟರಲ್ಲಿ ಕಬ್ಬಿಣದ ಹಂಚಿನ ಮೇಲಿದ್ದ ಎಲೆಗಳು ಸೀದು ಕಪ್ಪಾದವು. ಒಣ ಎಲೆ ಕಬ್ಬಿಣದ ಮೇಲೆ ಸೀಯುವ ಆ ವಾಸನೆ... ಗ್ಯಾಸ್ ಆರಿಸಿ, ಹಿತ್ತಲ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಖಾಲಾ ನೆನಪಾಗಿದ್ದರು. ಉರ್ದುವಿನಲ್ಲಿ ಚಿಕ್ಕಮ್ಮ ಎಂದರ್ಥ, ನಾನು ಅವರನ್ನು ಕರೆಯುತ್ತಿದ್ದುದೇ ಹಾಗೆ. ದಾಂಡೇಲಿಯಲ್ಲಿ ನಮ್ಮ ಮನೆಯ ಹಿಂಬದಿಯ ಮನೆಯವರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆಯಿತ್ತು. ಗಂಡ ಸ್ಕೂಟರ್ ರಿಪೇರಿ ಮಾಡುತ್ತಿದ್ದರು, ಒಬ್ಬಳೇ ಮಗಳು. ಇದೆಲ್ಲ ಇಪ್ಪತ್ತು ವರ್ಷದ ಹಿಂದಿನ ಮಾತು.

ನಾನು ಹಳಿಯಾಳದ ಕಡೆಯ ಹಳ್ಳಿಯವಳು. ತವರಿನಲ್ಲಿ ಮೂವರು ಅತ್ತಿಗೆಯರು ಒಲೆಯ ಮುಂದೆ ಜಾಗ ಹಿಡಿದು ಕೂತಿದ್ದರಿಂದ ನನಗೆ ಅಡುಗೆ ಕಲಿಯುವ ಪ್ರಸಂಗವೇ ಬಂದಿರಲಿಲ್ಲ. ಮದುವೆಯಾಗಿ ಬಂದಾಗ ಮಾಡಲು ಬರುತ್ತಿದ್ದುದು ಚಹಾ ಒಂದೇ, ಅದೂ ಅರ್ಧ ಉಕ್ಕಿ ಹೋಗುತ್ತಿತ್ತು. ಅತ್ತೆ ಇರಲಿಲ್ಲ. ಮಾವ ಇದ್ದರು, ಮಾವನ ನೇಮವಿತ್ತು. ಅವರು ಲಿಂಗಪೂಜೆ ಮುಗಿಸಿ ನೈವೇದ್ಯ ತೋರಿಸುವ ತನಕ ಅಡುಗೆಗೆ ಯಾರೂ ನಾಲಿಗೆ ತಾಕಿಸುವಂತಿಲ್ಲ, ಸೌಟಿನ ತುದಿಯನ್ನೂ ನೆಕ್ಕುವಂತಿಲ್ಲ. ನನ್ನ ಸಾರು ಒಂದು ದಿನ ಉಪ್ಪೋ ಉಪ್ಪು, ಮರುದಿನ ಬರೀ ಸಪ್ಪೆ. ಮಾವ ಬೈಯುತ್ತಿರಲಿಲ್ಲ, ಊಟದ ನಡುವೆ ಮೂರು ತಂಬಿಗೆ ನೀರು ಕುಡಿಯುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಒಂದು ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅಳುತ್ತಿದ್ದಾಗ ಗೋಡೆಯಾಚೆಯಿಂದ ಖಾಲಾ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ನಕ್ಕುಬಿಟ್ಟರು.

"ಇಷ್ಟಕ್ಕ ಅಳತಿ ಏನ ಬೇಟಿ? ರಂಜಾನದಾಗ ಒಂದು ತಿಂಗಳು ನಾವು ರುಚಿ ನೋಡಲಾರದ ಅಡಗಿ ಮಾಡೂದಿಲ್ಲೇನು? ಮೂಗು ಐತಲ್ಲ, ಅದಕ್ಕ ಕಲಿಸು."

ಹಾಗೆ ಕಲಿಕೆ ಶುರುವಾಯಿತು. ನಾನು ಪಾತ್ರೆಯನ್ನು ಗೋಡೆಯ ಮೇಲಿಡುವುದು, ಅವರು ಮುಚ್ಚಳ ತೆಗೆದು ಹಬೆಗೆ ಮುಖ ಹಿಡಿಯುವುದು. ಉಪ್ಪು ಸಾಲದಿದ್ದರೆ ಬೇಳೆಯ ವಾಸನೆ ಹಸಿಹಸಿಯಾಗಿ ಬರುತ್ತದೆ, ಸರಿಬಿದ್ದಾಗ ಆ ಹಸಿ ಅಡಗುತ್ತದೆ ಎಂದು ಅವರು ಹೇಳುತ್ತಿದ್ದರು. ಮೊದಮೊದಲು ನನಗೆ ಮೂಗಿಗೆ ಹಬೆ ಬಡಿದು ಸೀನು ಬಂದದ್ದೇ ಬಂತು. ಎರಡು ತಿಂಗಳಾದ ಮೇಲೆ ಮಾವ ಒಂದೇ ತಂಬಿಗೆ ನೀರಿನಲ್ಲಿ ಊಟ ಮುಗಿಸಿ ಎದ್ದರು. ಆ ಖುಷಿಗೆ ನಾನು ಗೋಡೆ ಹಾರುವುದೊಂದು ಬಾಕಿ.

ಆಮೇಲೆ ನಮ್ಮಿಬ್ಬರಿಗೂ ಹೊಸ ಹೊಸದನ್ನು ಮಾಡುವ ಹುಚ್ಚು ಹತ್ತಿತು. ಖಾಲಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪೇಪರಿನಲ್ಲಿ ಬಂದ ಅಡುಗೆಯನ್ನು ನಾನು ಓದಿ ಹೇಳುತ್ತಿದ್ದೆ, ಅವರು ಮಾಡುತ್ತಿದ್ದರು. ಕುಕ್ಕರಿನಲ್ಲಿ ಕಾಳಿ ನದಿಯ ಮರಳು ಹಾಕಿ ಕೇಕ್ ಬೇಯಿಸಿದೆವು. ಅದು ಉಬ್ಬಲಿಲ್ಲ, ತಳಕ್ಕೆ ಹತ್ತಿ ಇಟ್ಟಿಗೆಯಂತಾಯಿತು. ಅದನ್ನೇ ಹಾಲಿನಲ್ಲಿ ಅದ್ದಿಕೊಂಡು ತಿಂದೆವು.

ಖಾಲಾಗೆ ಒಂದೇ ಒಂದು ಚಟ, ಮಿಸ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ಒಸಡಿಗೆ ತಿಕ್ಕುವುದು. ನಮ್ಮ ಕಡೆ ಹೆಂಗಸರಲ್ಲಿ ಇದು ಹೊಸದಲ್ಲ, ನನ್ನ ಅಜ್ಜಿಯೂ ತಿಕ್ಕುತ್ತಿದ್ದಳು. ಅದಕ್ಕೆಂದೇ ಅವರ ಬಳಿ ಅಂಚು ಮುರಿದ ಒಂದು ಹಂಚಿತ್ತು. ಬೆಳಿಗ್ಗೆ ಅದರ ವಾಸನೆ ಬಂತೆಂದರೆ ಖಾಲಾ ಎದ್ದಿದ್ದಾರೆ ಎಂದು ಅರ್ಥ.

ಮೂರನೆಯ ವರ್ಷ ನಾನೊಂದು ಗಮನಿಸಿದೆ. ರಂಜಾನ್ ಮುಗಿದು ಎಷ್ಟೋ ದಿನಗಳಾದರೂ ಖಾಲಾ ರುಚಿ ನೋಡುತ್ತಲೇ ಇರಲಿಲ್ಲ. ಬರೀ ಮೂಗಿನಲ್ಲೇ ಮುಗಿಸುತ್ತಿದ್ದರು. ಕೈ ಪಳಗಿದರೆ ಹೀಗೇ ಎಂದುಕೊಂಡು ಓಣಿಯಲ್ಲೆಲ್ಲ ಅವರ ಗುಣಗಾನ ಮಾಡಿಕೊಂಡು ಬಂದೆ. ಅವರ ಸಾರಿನಲ್ಲಿ ಖಾರ ಕಡಿಮೆಯಾಗುತ್ತ ಬಂತು, ಅದಕ್ಕೂ ತಮಾಷೆ ಮಾಡಿದೆ. ನಮ್ಮ ಮಾವನಿಗಿಂತ ಸಾತ್ವಿಕರಾದಿರಿ ಎಂದೆ. ಎಂಥ ದಡ್ಡಿ ನಾನು...

ಒಂದು ಮಧ್ಯಾಹ್ನ ಅವರು ಬೆಳಕಿಗೆ ಮುಖ ತಿರುಗಿಸಿ, ಬೆರಳಿನಿಂದ ಕೆನ್ನೆ ಎಳೆದು ತೋರಿಸಿದರು. ಒಳಗೆ ಬಿಳಿ ಕಲೆ, ಅದರ ನಡುವೆ ಕೆಂಪಗೆ ಹುಣ್ಣು. ಖಾರ ತಾಗಿದರೆ ಜೀವ ಹೋಗುತ್ತದಂತೆ. ಮಿಸ್ರಿ ಹಚ್ಚಿದರೆ ಸ್ವಲ್ಪ ಹೊತ್ತು ಜೋಮು ಹಿಡಿದಂತಾಗಿ ನೋವು ಮರೆಯುತ್ತದಂತೆ. ದವಾಖಾನೆಗೆ ಹೋಗೋಣ, ಇವತ್ತೇ ಹೋಗೋಣ ಎಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. ಮಗಳಿಗೆ ಮುಂಡಗೋಡದ ಸಂಬಂಧ ನಿಶ್ಚಯವಾಗಿತ್ತು, ಮದುವೆಗೆ ನಾಲ್ಕು ತಿಂಗಳಿತ್ತು. ತಾಯಿಗೆ ದೊಡ್ಡ ರೋಗವೆಂದು ತಿಳಿದರೆ ಗಂಡಿನವರು ಹಿಂದೆ ಸರಿದಾರು ಎಂಬ ಹೆದರಿಕೆ ಅವರಿಗೆ.

"ನಿನ್ನ ಕೊರಳಾಗಿನ ಲಿಂಗ ಮುಟ್ಟಿ ಆಣಿ ಮಾಡು," ಎಂದರು. "ನಿಕಾ ಆಗೂತನಕ ಯಾರ ಮುಂದೂ ಬಾಯಿ ಬಿಡೂದಿಲ್ಲಂತ."

ಮುಟ್ಟಿ ಆಣೆ ಮಾಡಿದೆ. ನಮ್ಮಲ್ಲಿ ಆ ಆಣೆಯನ್ನು ಮುರಿಯುವುದಿಲ್ಲ, ಅದು ಅವರಿಗೂ ಗೊತ್ತಿತ್ತು.

ಆಮೇಲಾಮೇಲೆ ಮಿಸ್ರಿ ಹುರಿಯುವ ಹೊಗೆಗೆ ಅವರಿಗೆ ಕೆಮ್ಮು ಬರತೊಡಗಿತು, ಕೆಮ್ಮಿದರೆ ಬಾಯೆಲ್ಲ ನೋವು. ಹುರಿಯಲು ಮಗಳಿಗೆ ಹೇಳಿದರೆ ಇಷ್ಟೊಂದು ಮಿಸ್ರಿ ಯಾಕೆಂದು ಕೇಳುತ್ತಾಳೆ. ಅದಕ್ಕೆ ನಾನೇ ಹುರಿದು ಕೊಡತೊಡಗಿದೆ. ಸಣ್ಣ ಉರಿ, ಎಲೆ ಮುರುಟುವವರೆಗೆ ಕಾಯುವುದು, ಬೂದಿಯಾಗುವ ಮೊದಲು ಇಳಿಸುವುದು. ಅದನ್ನೂ ಅವರೇ ಗೋಡೆಯಾಚೆ ನಿಂತು ಹೇಳಿಕೊಟ್ಟರು. ಅವರಿಂದ ನಾನು ಕಲಿತ ಕೊನೆಯ ಅಡುಗೆ ಅದು. ಉಳಿದೆಲ್ಲಕ್ಕಿಂತ ಚೆನ್ನಾಗಿ ಕಲಿತೆ.

ನಿಕಾ ಸುಸೂತ್ರವಾಗಿ ಆಯಿತು. ಬಂದವರೆಲ್ಲ ಬಿರಿಯಾನಿಯನ್ನು ಹೊಗಳುತ್ತಿದ್ದರು. ಬೀಗಿತ್ತಿ ಪ್ರೀತಿಯಿಂದ ಒಂದು ಸಿಹಿ ತುತ್ತು ತಂದು ಖಾಲಾನ ಬಾಯಿಗೆ ಹಿಡಿದಳು. ಬಾಯಿ ತೆರೆಯಲಿಲ್ಲ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಉಪವಾಸ ಇದ್ದೇನೆ ಎಂದು ಕೈಸನ್ನೆ ಮಾಡಿ ನಕ್ಕರು... ಆ ನಗುವನ್ನು ನೋಡಲಾಗದೆ ನಾನು ಪಾತ್ರೆಗಳ ಹಿಂದೆ ಹೋಗಿ ನಿಂತೆ. ಮರುದಿನ ಬೆಳಿಗ್ಗೆಯೇ ಅವರ ಗಂಡನಿಗೆ ಹುಣ್ಣಿನ ಸಂಗತಿ ಹೇಳಿದೆ, ನನಗೆ ಯಾವಾಗಿನಿಂದ ಗೊತ್ತೆಂಬುದೊಂದನ್ನು ಬಿಟ್ಟು.

ಹುಬ್ಬಳ್ಳಿಯ ಡಾಕ್ಟರು ನೋಡಿ, ಮೂರು ನಾಲ್ಕು ತಿಂಗಳು ಮೊದಲೇ ಬರಬೇಕಿತ್ತು ಎಂದರಂತೆ. ಒಂದು ಕಡೆಯ ದವಡೆ ತೆಗೆದರು. ಮನೆಗೆ ಬಂದ ಮೇಲೆ ಮೂಗಿನ ಕೊಳವೆಯಲ್ಲಿ ಗಂಜಿ. ಮಾತು ಹೋಗಿತ್ತು. ಆದರೂ ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನಾನು ಪಾತ್ರೆಯ ಮುಚ್ಚಳ ತೆಗೆದರೆ ಬೆರಳೆತ್ತಿ ಉಪ್ಪು ಸಾಲದು ಎಂದು ಸನ್ನೆ ಮಾಡುತ್ತಿದ್ದರು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಕುರ್ಚಿ ಖಾಲಿಯಾಯಿತು.

ಮಣ್ಣಾದ ಮೂರನೆಯ ದಿನ ಅವರ ಮಗಳು ಗೋಡೆಯ ಹತ್ತಿರ ಬಂದು ನಿಂತಳು.

"ಅಕ್ಕಾ, ನಿಮಗ ಮದಲ ಗೊತ್ತಿತ್ತೇನ್ರಿ?"

ಇಲ್ಲ ಎಂದೆ. ಆಣೆ ತೀರಿತ್ತು, ಹೇಳಬಹುದಾಗಿತ್ತು. ಅವಳ ಮದುವೆಗಾಗಿ ತಾಯಿ ಸತ್ತಳು ಎಂದು ಅವಳಿಗೆ ಹೇಗೆ ಹೇಳಲಿ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ನನ್ನದೇ ಹೆದರಿಕೆಯಿತ್ತು. ಮಿಸ್ರಿ ಹುರಿದು ಕೊಟ್ಟ ಕೈ ನನ್ನದು.

ಹೋದ ವಾರ ಪಲಾವ್ ಎಲೆ ಸೀದ ಮರುದಿನ ಅದೇ ಮಗಳ ಫೋನು ಬಂತು. ವರ್ಷಕ್ಕೆ ಎರಡು ಮೂರು ಸಲ ಮಾಡುತ್ತಾಳೆ, ತಾಯಿಯ ಅಡುಗೆ ಕೇಳಲು. ಈ ಸಲ ದಾಲ್ಚಾ. ಅವಳ ಮಗಳಿಗೂ ಈಗ ಒಲೆಯ ಮುಂದೆ ನಿಲ್ಲುವ ಆಸೆಯಂತೆ. ಬೇಳೆ ಇಷ್ಟು, ಸೋರೆಕಾಯಿ ಇಷ್ಟು, ಹುಣಸೆಹಣ್ಣು ಕೊನೆಗೆ ಎಂದು ಹೇಳಿದೆ. ಉಪ್ಪು ಎಷ್ಟೆಂದಳು. ರುಚಿ ನೋಡಿ ಹಾಕು ಎಂದೆ.

"ಅಮ್ಮೀ ರುಚಿ ನೋಡತಿದ್ದಿಲ್ಲಲ್ರಿ ಅಕ್ಕಾ. ವಾಸನಿ ಮ್ಯಾಲೇ ಹಾಕತಿದ್ರು. ನನ್ನ ಮಗಳೂ ಹಂಗ ಕಲೀಬೇಕು," ಎಂದಳು. ದನಿಯಲ್ಲಿ ಎಷ್ಟು ಹೆಮ್ಮೆ.

ಆ ಹೆಮ್ಮೆಯನ್ನು ಓಣಿಯಲ್ಲಿ ಮೊದಲು ಹಂಚಿದವಳು ನಾನು. ಈಗ ಅದು ಆ ಹುಡುಗಿಯ ತನಕ ಹೋಗಿ ಮುಟ್ಟಿತ್ತು.

"ಅವರಿಗೆ ರುಚಿ ನೋಡಾಕ ಆಗತಿದ್ದಿಲ್ಲವ್ವಾ," ಎಂದೆ. "ಬಾಯಾಗ ಹುಣ್ಣಿತ್ತು. ನಿನ್ನ ಮದವಿಗಿಂತ ಮದಲ. ನನಗ ಗೊತ್ತಿತ್ತು."

ಆ ಕಡೆಯಿಂದ ಬೇಳೆ ಕುದಿಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅವಳು ಫೋನು ಇಟ್ಟುಬಿಟ್ಟಳು. ಇವತ್ತಿಗೆ ಐದು ದಿನವಾಯಿತು. ಫೋನು ಬಂದಿಲ್ಲ, ನಾನೂ ಮಾಡಿಲ್ಲ. ಆ ದಾಲ್ಚಾಗೆ ಉಪ್ಪು ಬಿತ್ತೋ ಇಲ್ಲವೋ, ಗೊತ್ತಿಲ್ಲ.